ಒನ್‌ಲುಕ್: ಅಕ್ಷರ ಹಿಡಿದು ಪದ ಹುಡುಕಿದ ಒಂಬತ್ತು ವರ್ಷಗಳು

ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಮಕ್ಕಳಿಗಾಗಿ ಹದಿನೈದಕ್ಕೆ ಹದಿನೈದು ಚೌಕಗಳ ಇಂಗ್ಲಿಷ್ ಪದಬಂಧವನ್ನು ನಾನೇ ರಚಿಸಿ, ಜೆರಾಕ್ಸ್ ಮಾಡಿಸಿ, ಶನಿವಾರದ ತರಗತಿಯಲ್ಲಿ ಹಂಚುವ ರೂಢಿ ಇಟ್ಟುಕೊಂಡಿದ್ದೇನೆ. ಪದಬಂಧ ರಚಿಸುವವರಿಗೆ ಸಾಮಾನ್ಯ ನಿಘಂಟು ಒಂದು ಹಂತದವರೆಗೆ ಮಾತ್ರ ನೆರವಾಗುತ್ತದೆ. ಮೇಲಿನಿಂದ ಕೆಳಕ್ಕೆ ಬರುವ ಪದಗಳು ಕೂತ ಮೇಲೆ ಅಡ್ಡಸಾಲಿನ ಆರನೆಯ ಅಕ್ಷರ ಇದು, ಎಂಟನೆಯದು ಅದು ಎಂದಷ್ಟೇ ಗೊತ್ತಿರುತ್ತದೆ. ಮೊದಲ ಅಕ್ಷರವೇ ತಿಳಿಯದಿದ್ದಾಗ ನಿಘಂಟಿನ ಯಾವ ಪುಟವನ್ನು ತೆರೆಯಬೇಕು? ಈ ತೊಡಕಿಗೆ ಪರಿಹಾರ ಹುಡುಕುತ್ತಿದ್ದಾಗ ಸಿಕ್ಕಿದ ಒನ್‌ಲುಕ್ ತಾಣವನ್ನು ಒಂಬತ್ತು ವರ್ಷಗಳಿಂದ ಬಿಡದೆ ಬಳಸುತ್ತಿದ್ದೇನೆ.

ರಾಬರ್ಟ್ ವೇರ್ 1996ರಲ್ಲಿ ಆರಂಭಿಸಿದ ಈ ತಾಣ ಮೂಲತಃ ಅಂತರಜಾಲದಲ್ಲಿರುವ ನೂರಾರು ನಿಘಂಟುಗಳನ್ನು ಒಂದೇ ಕಡೆಯಿಂದ ಹುಡುಕಲು ನೆರವಾಗುವ ಸೂಚಿ. ನನ್ನಂಥವರಿಗೆ ಅದರಲ್ಲಿ ಮುಖ್ಯವಾದದ್ದು ಚಿಹ್ನೆಗಳನ್ನು ಬಳಸಿ ಹುಡುಕುವ ಸೌಲಭ್ಯ. ಪ್ರಶ್ನಾರ್ಥಕ ಚಿಹ್ನೆ ಯಾವುದಾದರೂ ಒಂದು ಅಕ್ಷರದ ಬದಲು ನಿಲ್ಲುತ್ತದೆ, ನಕ್ಷತ್ರ ಚಿಹ್ನೆ ಎಷ್ಟು ಅಕ್ಷರಗಳ ಬದಲಾದರೂ ನಿಲ್ಲುತ್ತದೆ. ಹಣ ಕೊಡಬೇಕಾಗಿಲ್ಲ.

ಒಮ್ಮೆ ಪದಬಂಧದ ನಡುವಿನ ಸಾಲಿಗೆ ಹದಿನೈದು ಅಕ್ಷರಗಳ ಪದ ಬೇಕಾಗಿತ್ತು. ಆರನೆಯ ಚೌಕದಲ್ಲಿ ‘ಜಿ’, ಎಂಟನೆಯದರಲ್ಲಿ ‘ಟಿ’, ಹನ್ನೆರಡನೆಯದರಲ್ಲಿ ‘ಡಬ್ಲ್ಯೂ’ ಆಗಲೇ ಕೂತಿದ್ದವು. ಐದು ಪ್ರಶ್ನಾರ್ಥಕ, ಜಿ, ಒಂದು ಪ್ರಶ್ನಾರ್ಥಕ, ಟಿ, ಮೂರು ಪ್ರಶ್ನಾರ್ಥಕ, ಡಬ್ಲ್ಯೂ, ಮತ್ತೆ ಮೂರು ಪ್ರಶ್ನಾರ್ಥಕ ಎಂದು ಒತ್ತಿದಾಗ ‘ಸ್ಟ್ರೈಟ್‌ಫಾರ್ವರ್ಡ್’ ಸಿಕ್ಕಿತು. ಅದನ್ನು ಬಿಡಿಸಿದ ಒಂಬತ್ತನೇ ತರಗತಿಯ ಹುಡುಗಿ ತನ್ನ ಹಾಳೆಯನ್ನು ತಂದು, ಜಿ ಮತ್ತು ಎಚ್ ಇರುವ ಎರಡು ಚೌಕಗಳ ಮೇಲೆ ಬೆರಳಿಟ್ಟು, “ಮಿಸ್, ಇವೆರಡನ್ನೂ ಯಾರೂ ಓದೋದೇ ಇಲ್ಲವಲ್ಲ, ಮತ್ತೆ ಯಾಕೆ ಬರೀಬೇಕು?” ಎಂದು ಕೇಳಿದಳು. ಕಾಗುಣಿತ ಕಲಿತು, ಉಚ್ಚರಿಸಿದಂತೆಯೇ ಬರೆಯುವ ಭಾಷೆಯಿಂದ ಬಂದ ಮಗು ಕೇಳಲೇಬೇಕಾದ ಪ್ರಶ್ನೆ ಅದು. ಹಳೆಯ ಕಾಲದ ಇಂಗ್ಲಿಷಿನಲ್ಲಿ ಆ ಎರಡು ಅಕ್ಷರಗಳು ಗಂಟಲಿನಿಂದ ಬರುವ ಒಂದು ಧ್ವನಿಯನ್ನು ಸೂಚಿಸುತ್ತಿದ್ದವು, 1476ರಲ್ಲಿ ವಿಲಿಯಂ ಕ್ಯಾಕ್ಸ್ಟನ್ ಇಂಗ್ಲೆಂಡಿಗೆ ಮುದ್ರಣಯಂತ್ರ ತಂದ ಮೇಲೆ ಬರಹದ ರೂಪ ಕ್ರಮೇಣ ಗಟ್ಟಿಯಾಗುತ್ತ ಹೋಯಿತು, ನಾಲಿಗೆ ಮಾತ್ರ ಆ ಧ್ವನಿಯನ್ನು ಕೈಬಿಟ್ಟಿತು ಎಂದು ಹೇಳಿದೆ. ಮರುದಿನ ಜಿ, ಎಚ್, ಟಿ ಮೂರೂ ಒಟ್ಟಿಗೆ ಬರುವ ಪದಗಳನ್ನು ನಕ್ಷತ್ರ ಚಿಹ್ನೆಯ ನೆರವಿನಿಂದ ಹುಡುಕಿ ಕಪ್ಪುಹಲಗೆಯ ತುಂಬ ಬರೆದೆವು. ‘ನೈಟ್’ ಎಂದು ಕಿವಿಗೆ ಒಂದೇ ಆಗಿ ಕೇಳುವ ಎರಡು ಪದಗಳಲ್ಲಿ ಒಂದು ‘ಕೆ’ಯಿಂದ ಶುರುವಾಗುತ್ತದೆ ಎಂಬುದು ಆ ದಿನದಿಂದ ತರಗತಿಯಲ್ಲಿ ಯಾರಿಗೂ ಮರೆತಿಲ್ಲ. ನನ್ನ ಮಟ್ಟಿಗೆ ಈ ತಾಣದ ಬೆಲೆ ಇರುವುದು ಇಲ್ಲಿಯೇ: ಕಿವಿಯಿಂದ ಮಾತ್ರ ಇಂಗ್ಲಿಷ್ ಕಲಿಯುತ್ತಿದ್ದ ಮಕ್ಕಳು ಪದವನ್ನು ಕಣ್ಣಿನಿಂದಲೂ ನೋಡುವಂತೆ ಇದು ಮಾಡಿತು.

ನುಡಿಗಟ್ಟುಗಳನ್ನೂ ಹೀಗೆಯೇ ಹುಡುಕಬಹುದು. ಒಂದು ಪದದ ಹಿಂದೆ ಎರಡು, ಮುಂದೆ ಎರಡು ನಕ್ಷತ್ರ ಚಿಹ್ನೆ ಹಾಕಿದರೆ ಆ ಪದವಿರುವ ನುಡಿಗಟ್ಟುಗಳು ಬರುತ್ತವೆ. ‘ಮೂನ್’ ಎಂದು ಹಾಕಿ ‘ಒನ್ಸ್ ಇನ್ ಎ ಬ್ಲೂ ಮೂನ್’ ತೆಗೆದುಕೊಂಡೆ. ಪದಬಂಧದಲ್ಲಿ ಪದಗಳ ನಡುವಿನ ಖಾಲಿ ಜಾಗ ಲೆಕ್ಕಕ್ಕಿಲ್ಲವಾದ್ದರಿಂದ ಅದಕ್ಕೆ ಸರಿಯಾಗಿ ಹದಿನೈದು ಅಕ್ಷರ. ಸುಳಿವಿಗೆ ಏನು ಬರೆಯಲಿ ಎಂದು ಹೆಚ್ಚು ಯೋಚಿಸಬೇಕಾಗಲಿಲ್ಲ. “ಅಮಾವಾಸ್ಯೆಗೊಮ್ಮೆ ಹುಣ್ಣಿಮೆಗೊಮ್ಮೆ ಎನ್ನುವುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ?” ಎಂದು ಬರೆದೆ, ಚಂದ್ರನ ಜಾಡು ಹಿಡಿದು ಅರ್ಧ ತರಗತಿ ಉತ್ತರ ಕಂಡುಕೊಂಡಿತು.

ಮಕ್ಕಳಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ವರಗಳ ಹುಡುಕಾಟ. ಎ, ಇ, ಐ, ಓ, ಯು ಇದೇ ಕ್ರಮದಲ್ಲಿ ಬರುವ ‘ಫೆಸೀಷಸ್’, ‘ಆಬ್‌ಸ್ಟೀಮಿಯಸ್’ ಪದಗಳು ಬಹಳ ಜನರಿಗೆ ಗೊತ್ತು. ಇದನ್ನು ತಿರುಗಿಸಿ, ಯು, ಓ, ಐ, ಇ, ಎ ಕ್ರಮದಲ್ಲಿ ನಡುನಡುವೆ ನಕ್ಷತ್ರ ಹಾಕಿ ಹುಡುಕಿದರೆ ‘ಸಬ್‌ಕಾಂಟಿನೆಂಟಲ್’ ಸಿಗುತ್ತದೆ: ಹದಿನಾಲ್ಕು ಅಕ್ಷರಗಳಲ್ಲಿ ಐದೂ ಸ್ವರಗಳು ಹಿಂದುಮುಂದಾಗಿ, ಒಂದೊಂದೇ ಸಲ. ನಾವು ಬದುಕುತ್ತಿರುವ ಉಪಖಂಡದ ಹೆಸರಿನೊಳಗೇ ಇದು ಅಡಗಿತ್ತು ಎಂದಾಗ ಮಕ್ಕಳಿಗಿಂತ ನಾನೇ ಹೆಚ್ಚು ಸಂತೋಷಪಟ್ಟೆ. ಆದರೆ ನಕ್ಷತ್ರದ ಜಾಗದಲ್ಲಿ ಇನ್ನೊಂದು ಸ್ವರವೂ ಬಂದು ಕೂರಬಹುದು. ‘ಅಡ್ವೆಂಟಿಷಸ್’ ಎಂಬ ಪದದಲ್ಲಿ ಐ ಎರಡು ಸಲ ಬರುತ್ತದೆ. ಬಂದ ಪಟ್ಟಿಯನ್ನು ಕೂತು ಜರಡಿ ಹಿಡಿಯುವ ತಾಳ್ಮೆ ಬಳಸುವವರಿಗೆ ಇರಬೇಕು.

ವಿನ್ಯಾಸದ ಕೊನೆಯಲ್ಲಿ ಕಳೆಯುವ ಚಿಹ್ನೆಯ ಮುಂದೆ ಬರೆದ ಅಕ್ಷರಗಳು ಉತ್ತರಗಳಲ್ಲಿ ಬರುವುದಿಲ್ಲ, ಕೂಡುವ ಚಿಹ್ನೆಯ ಮುಂದೆ ಬರೆದವು ಮಾತ್ರ ಬರುತ್ತವೆ. ಇಂಗ್ಲಿಷಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಅಕ್ಷರವಾದ ಇ ಇಲ್ಲದ ಪದಗಳನ್ನೂ ಹೀಗೆ ಹುಡುಕಬಹುದು. ಇಪ್ಪತ್ತೊಂಬತ್ತು ಅಕ್ಷರಗಳ ‘ಫ್ಲಾಕ್ಸಿನಾಸಿನಿಹಿಲಿಪಿಲಿಫಿಕೇಷನ್’ ಪದದಲ್ಲಿ ಒಂಬತ್ತು ಐ ಇವೆ, ಇ ಒಂದೂ ಇಲ್ಲ. ಕೀಲಿಮಣೆಯ ಅಕ್ಷರಗಳ ಮೇಲಿನ ಸಾಲಿನಲ್ಲಿರುವ ಹತ್ತನ್ನಷ್ಟೇ ಕೊಟ್ಟು ಹತ್ತು ಅಕ್ಷರಗಳ ಪದ ಕೇಳಿದರೆ ‘ಟೈಪ್‌ರೈಟರ್’ ಜೊತೆಗೆ ‘ಪ್ರೊಪ್ರೈಟರ್’, ‘ಪರ್ಪೆಚುಯಿಟಿ’ಗಳೂ ಸಿಗುತ್ತವೆ.

ಬಳಸುವವರು ತಿಳಿದಿರಬೇಕಾದ ಮಿತಿಯೂ ಇದೆ. ಇದು ನಿಘಂಟುಗಳ ಸೂಚಿಯಾದ್ದರಿಂದ ಪಟ್ಟಿಯಲ್ಲಿ ಊರಿನ ಹೆಸರು, ವ್ಯಕ್ತಿಯ ಹೆಸರು, ಸಂಕ್ಷಿಪ್ತ ರೂಪ ಎಲ್ಲವೂ ಬೆರೆತು ಬರುತ್ತವೆ. ಸಾಮಾನ್ಯ ಪದಗಳನ್ನಷ್ಟೇ ತೋರಿಸುವಂತೆ ಸೋಸಿಕೊಂಡರೂ, ಒಂದು ಪದವನ್ನು ಮಕ್ಕಳ ಮುಂದೆ ಇಡುವ ಮೊದಲು ಅದರ ಮೇಲೆ ಒತ್ತಿ, ಯಾವ ನಿಘಂಟಿನಲ್ಲಿದೆ, ಅರ್ಥವೇನು ಎಂದು ನೋಡಿಕೊಳ್ಳದೆ ನಾನು ಮುಂದುವರಿಯುವುದಿಲ್ಲ. ಈ ಶಿಸ್ತು ನನಗೆ ಬಂದದ್ದು ಕಹಿ ಅನುಭವದಿಂದ. ಇದಕ್ಕೂ ಮೊದಲು ಮೊಬೈಲಿನಲ್ಲಿ ಬಳಸುತ್ತಿದ್ದ ಬೇರೊಂದು ಆ್ಯಪ್ ಅರ್ಥ ಕೊಡದೆ ಬರಿಯ ಪದಪಟ್ಟಿ ಕೊಡುತ್ತಿತ್ತು. ಅದನ್ನು ನಂಬಿ ನಾನು ಕೊಟ್ಟ ಪದವೊಂದನ್ನು ಶಾಲೆಯ ಗ್ರಂಥಾಲಯದ ಯಾವ ನಿಘಂಟಿನಲ್ಲೂ ಕಾಣದೆ, ಹುಡುಗನೊಬ್ಬ ಊಟದ ಬಿಡುವನ್ನೆಲ್ಲ ಹುಡುಕಾಟದಲ್ಲೇ ಕಳೆದಿದ್ದ. ಆ ಆ್ಯಪನ್ನು ಅಂದೇ ಅಳಿಸಿ ಹಾಕಿದೆ.

ಇಂಗ್ಲಿಷ್ ಪದಬಂಧ ರಚಿಸುವವರಿಗೂ, ಸ್ಪೆಲಿಂಗ್ ಕಲಿಸುವ ಶಿಕ್ಷಕರಿಗೂ ಒನ್‌ಲುಕ್ ತಾಣವನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಪದಬಂಧ ಬಿಡಿಸುವ ಮಕ್ಕಳ ಕೈಗೆ ಮಾತ್ರ, ಅವರು ತಾವಾಗಿ ಒಂದು ಸುತ್ತು ಪ್ರಯತ್ನಿಸಿ ಮುಗಿಸುವವರೆಗೆ ಇದನ್ನು ಕೊಡಬೇಡಿ. ನಮ್ಮ ತರಗತಿಯಲ್ಲಿ ಕಂಪ್ಯೂಟರ್ ತೆರೆಯುವುದು ಸೋಮವಾರ.