ದಾಂಡೇಲಿ, ಕುಮಾರಪರ್ವತ, ಆನೆಗೊಂದಿ: ಕಮ್ಮಿ ಖರ್ಚಿನ ಗೆಳೆಯರ ಟ್ರಿಪ್ಪಿಗೆ ಯಾವುದು?

ನಮ್ಮ ಗುಂಪಿಗೆ ಹಂಪಿಯ ಎದುರು ದಂಡೆಯ ಆನೆಗೊಂದಿಯಷ್ಟು ಹೊಂದಿಕೆಯಾದ ಜಾಗ ಇನ್ನೊಂದು ಸಿಕ್ಕಿಲ್ಲ. ದಾಂಡೇಲಿಗೂ ಕುಮಾರಪರ್ವತಕ್ಕೂ ಇದೇ ಗೆಳೆಯರ ಜೊತೆ ಹೋಗಿ ಬಂದಮೇಲೆ ಹೇಳುತ್ತಿರುವ ಮಾತು ಇದು. ನಮ್ಮ ಲೆಕ್ಕ ಸರಳ: ತಲೆಗೆ ಮೂರರಿಂದ ನಾಲ್ಕು ಸಾವಿರ, ಶುಕ್ರವಾರ ರಾತ್ರಿ ಬೆಂಗಳೂರು ಬಿಡಬೇಕು, ಸೋಮವಾರ ಬೆಳಗ್ಗೆ ಆಫೀಸಿನಲ್ಲಿರಬೇಕು. ಗುಂಪಿನಲ್ಲಿ ದಿನಾ ಓಡುವವನಿದ್ದಾನೆ, ಮಂಡಿ ನೋವಿನವನಿದ್ದಾನೆ, ನೀರು ಕಂಡರೆ ಹಿಂದೆ ಸರಿಯುವವನಿದ್ದಾನೆ, ಹೊಸದಾಗಿ ಕೆಲಸಕ್ಕೆ ಸೇರಿ ಮನೆಗೆ ದುಡ್ಡು ಕಳಿಸುವವನೂ ಇದ್ದಾನೆ. ಇಷ್ಟೂ ಜನ ಖುಷಿಯಾಗಿ ವಾಪಸ್ಸಾದರೆ ಮಾತ್ರ ಅದು ಒಳ್ಳೆಯ ಟ್ರಿಪ್ ಅಂತ ನಾನು ಒಪ್ಪುವುದು.

ದಾಂಡೇಲಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚು ದುಡ್ಡು ಹೋಗಿದ್ದು ಅಲ್ಲಿ.

ಊರಿನ ಬಗ್ಗೆ ದೂರಿಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಂಚಿನ ಕಾಡು, ಬೆಳಗಿನ ಜಾವ ಮಂಗಟ್ಟೆ ಹಕ್ಕಿ ಹಾರುವಾಗ ರೆಕ್ಕೆ ಬೀಸುವ ಸದ್ದು ನಮ್ಮ ತಲೆಯ ಮೇಲೇ ಕೇಳಿಸುತ್ತದೆ. ತಕರಾರು ಇರುವುದು ಪ್ಯಾಕೇಜ್ ವ್ಯವಸ್ಥೆಯ ಮೇಲೆ. ನಾವು ಬುಕ್ ಮಾಡಿದ್ದ ರಿಸಾರ್ಟ್ ವಾಟ್ಸಾಪ್‌ನಲ್ಲಿ ಕಳಿಸಿದ ಪಟ್ಟಿಯಲ್ಲಿ ಎಲ್ಲವೂ ಇತ್ತು: ಕಯಾಕಿಂಗ್, ಜೋರ್ಬಿಂಗ್, ಜಿಪ್‌ಲೈನ್, ಬೋಟಿಂಗ್, ನ್ಯಾಚುರಲ್ ಜಕೂಜಿ, ರಿವರ್ ರಾಫ್ಟಿಂಗ್, ರಾತ್ರಿ ಕ್ಯಾಂಪ್ ಫೈರ್, ಮೂರು ಹೊತ್ತಿನ ಊಟ. ಇಷ್ಟೆಲ್ಲ ಒಂದೇ ದರಕ್ಕೆ ಅಂದಾಗ ಯಾರಿಗಾದರೂ ಅಗ್ಗ ಅನ್ನಿಸುತ್ತದೆ. ಅರ್ಧ ಹಣ ಮುಂಗಡ ಕಳಿಸಿದೆವು.

ರಾತ್ರಿ ಬಸ್ಸು ಬೆಳಗ್ಗೆ ಆರಕ್ಕೆಲ್ಲ ಇಳಿಸಿತು. ಚೆಕ್-ಇನ್ ಹನ್ನೆರಡಕ್ಕೆ. ಅಲ್ಲಿಯವರೆಗೆ ಮುಖ ತೊಳೆಯಲು, ಬ್ಯಾಗಿಡಲು ಒಂದು ಕೋಣೆ ಇದೆ, ಅದಕ್ಕೆ ತಲೆಗಿಷ್ಟು ಅಂತ ಬೇರೆ ರೇಟು. ಆಟಗಳು ನಡೆಯುವ ಜಾಗ ರಿಸಾರ್ಟ್‌ನಿಂದ ದೂರ, ಅಲ್ಲಿಗೆ ಜೀಪಿನ ಬಾಡಿಗೆ ಬೇರೆ. ನದಿ ಹತ್ತಿರ ಟೋಕನ್ ಹಿಡಿದು ಸಾಲಿನಲ್ಲಿ ನಿಂತರೆ, ಹಿಂದಿನ ಗುಂಪಿನವರು ಬಿಚ್ಚಿಕೊಟ್ಟ ಒದ್ದೆ ಲೈಫ್ ಜಾಕೆಟ್ಟನ್ನೇ ನಾವು ಹಾಕಿಕೊಳ್ಳಬೇಕು. ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ರಾಫ್ಟಿಂಗ್ ವಿಷಯ.

ಕಾಳಿ ನದಿಯಲ್ಲಿ ನಿಜವಾದ ರಾಫ್ಟಿಂಗ್ ಇರುವುದು ಸೂಪಾ ಅಣೆಕಟ್ಟಿನ ಕೆಳಗೆ, ಗಣೇಶಗುಡಿಯಿಂದ ಮುಂದೆ. ವಿದ್ಯುತ್ ಉತ್ಪಾದನೆಗೆ ನೀರು ಬಿಟ್ಟಾಗ ನದಿ ತುಂಬಿ ಬರುತ್ತದೆ, ಬಂಡೆಗಳ ನಡುವೆ ನೀರು ಮುರಿಯುತ್ತದೆ, ಆಗ ರಾಫ್ಟ್ ಕುಣಿಯುತ್ತದೆ. ನೀರು ಬಿಡದ ಹೊತ್ತಿನಲ್ಲಿ ಆ ಜಾಗದಲ್ಲೂ ಕಲ್ಲು ಕಾಣುತ್ತದೆಯೇ ಹೊರತು ಅಲೆ ಕಾಣುವುದಿಲ್ಲ. ನಮ್ಮನ್ನು ಕರೆದುಕೊಂಡು ಹೋಗಿದ್ದು ಬೇರೆ ಕಡೆ: ನಿಂತ ನೀರು, ಅದರಲ್ಲೊಂದು ಗಾಳಿ ತುಂಬಿದ ರಾಫ್ಟ್, ಒಂದು ದಡದಿಂದ ಹೊರಟು ತಿರುಗಿಸಿಕೊಂಡು ಅದೇ ದಡಕ್ಕೆ. ಹುಟ್ಟು ಹಾಕಿ ಭುಜ ಬೆಚ್ಚಗಾಗುವಷ್ಟರಲ್ಲಿ "ಇಳೀರಿ ಸರ್" ಅಂದರು.

"ಮಗಾ, ಪಟ್ಟಿಯಲ್ಲಿ ರಿವರ್ ರಾಫ್ಟಿಂಗ್ ಅಂತಾನೇ ಇದೆಯಲ್ಲೋ" ಅಂತ ನನ್ನ ಗೆಳೆಯ ಮೊಬೈಲ್ ತೆಗೆದು ತೋರಿಸಿದ. ಅಲ್ಲಿದ್ದ ಮೇಲ್ವಿಚಾರಕರು ನೋಡಿ, "ರಿವರ್ ಒಳಗ ರಾಫ್ಟ್ ಹಾಕೇವಲ್ರಿ, ಇದೂ ರಾಫ್ಟಿಂಗೇ. ಲಾಂಗ್ ಬೇಕಂದ್ರ ಗಣೇಶಗುಡಿಗೆ ಹೋಗ್ರಿ, ಅದಕ್ಕ ಬ್ಯಾರೆ ರೊಕ್ಕ" ಅಂದರು. ತಲೆಗೆ ಸಾವಿರದ ಮೇಲೆ. ಹೊಸ ಕೆಲಸದವನು ಸುಮ್ಮನೆ ದಡದ ಮೇಲೆ ಕೂತುಬಿಟ್ಟ. ಅವನೊಬ್ಬನನ್ನು ಬಿಟ್ಟು ನಾವು ಹೇಗೆ ಹೋಗೋದು? ಯಾರೂ ಹೋಗಲಿಲ್ಲ. ಇದೇ ನನಗೆ ಇವತ್ತಿಗೂ ಬೇಸರದ ಸಂಗತಿ. ಕಮ್ಮಿ ದುಡ್ಡಿನ ಟ್ರಿಪ್ಪಿನಲ್ಲಿ ಹೀಗೆ ನಡುದಾರಿಯಲ್ಲಿ ದರ ಏರಿದರೆ ಪೆಟ್ಟು ಬೀಳುವುದು ಗುಂಪಿನಲ್ಲಿ ಕೈ ಬಿಗಿಯಿರುವವನಿಗೆ, ಅದೂ ಎಲ್ಲರ ಎದುರಿಗೆ. ಎಲ್ಲ ಸೇರಿ ತಲೆಗೆ ಐದೂವರೆ ಸಾವಿರ ದಾಟಿತು.

ದಾಂಡೇಲಿಗೆ ಹೋಗಲೇಬೇಕು ಅನ್ನುವವರು ರೂಮನ್ನೂ ರಾಫ್ಟಿಂಗನ್ನೂ ಬೇರೆ ಬೇರೆ ಬುಕ್ ಮಾಡಿ. ರಾಫ್ಟಿಂಗ್‌ನವರಿಗೆ ಎರಡೇ ಪ್ರಶ್ನೆ ಕೇಳಿ: ಯಾವ ಜಾಗದಿಂದ ಯಾವ ಜಾಗದವರೆಗೆ, ಎಷ್ಟು ಕಿಲೋಮೀಟರ್? ಆ ದಿನ ನೀರು ಬಿಡದಿದ್ದರೆ ಹಣ ವಾಪಸ್ ಉಂಟಾ? ಉತ್ತರ ಮೆಸೇಜಿನಲ್ಲಿ ಬರೆಸಿಕೊಳ್ಳಿ. ಬೆಂಗಳೂರಿನಿಂದ ನಾನೂರೈವತ್ತು ಕಿಲೋಮೀಟರ್ ಮೇಲೆ ಹೋಗುವವರಿಗೆ ಅಷ್ಟು ಕೇಳುವ ಹಕ್ಕಿದೆ.

ಕುಮಾರಪರ್ವತ ಇದಕ್ಕೆ ಪೂರ್ತಿ ಉಲ್ಟಾ. ಮೂರರಲ್ಲಿ ಅತ್ಯಂತ ಅಗ್ಗದ್ದು ಇದೇ, ತಲೆಗೆ ಎರಡು ಸಾವಿರದೊಳಗೆ ಮುಗಿಯಿತು. ಚಾರಣ ಶುರುವಾಗುವ ಕುಕ್ಕೆಗೆ ಸರ್ಕಾರಿ ಬಸ್ಸಿದೆ, ದೇವಸ್ಥಾನದಲ್ಲಿ ಪ್ರಸಾದದ ಊಟವಿದೆ. 1,712 ಮೀಟರ್ ಎತ್ತರದ ಬೆಟ್ಟ. ಕುಕ್ಕೆ ಘಟ್ಟದ ಬುಡದ ಊರಾದ್ದರಿಂದ ಹೆಚ್ಚುಕಡಿಮೆ ಒಂದೂವರೆ ಸಾವಿರ ಮೀಟರ್ ಹತ್ತಿ, ಅಷ್ಟನ್ನೂ ಇಳಿಯಬೇಕು. ಮೇಲೆ ಟೆಂಟ್ ಹಾಕಿ ರಾತ್ರಿ ಉಳಿಯುವ ಹಾಗಿಲ್ಲ. ದಾರಿಯ ನಡುವಿನ ಗಿರಿಗದ್ದೆವರೆಗೆ ಕಾಡಿನ ನೆರಳು, ಆಮೇಲೆ ಬರೀ ಹುಲ್ಲುಗುಡ್ಡ. ಕಲ್ಲುಮಂಟಪ ದಾಟಿ ಶೇಷಪರ್ವತ ಮುಟ್ಟಿದಾಗ "ಬಂದೇಬಿಟ್ವಿ" ಅನ್ನಿಸುತ್ತದೆ. ಆದರೆ ನಿಜವಾದ ತುದಿ ಅಲ್ಲಿಂದ ಇಳಿದು, ಇನ್ನೊಂದು ಕಾಡು ಹೊಕ್ಕು, ಬಂಡೆ ಹತ್ತಿದ ಮೇಲೆ.

2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಅಲ್ಲಿ ಜನ ಮುಗಿಬಿದ್ದ ವಿಡಿಯೊ ನೀವೂ ನೋಡಿರುತ್ತೀರಿ. ಅದಾದ ಮೇಲೆ ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಆನ್‌ಲೈನ್ ಟಿಕೆಟ್ ತಂದು, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಹಾಕಿತು. ನನ್ನ ಪ್ರಕಾರ ಇದು ಬಹಳ ಒಳ್ಳೆಯ ಕೆಲಸ, ಬೆಟ್ಟಕ್ಕೆ ಉಸಿರಾಡಲು ಜಾಗ ಸಿಕ್ಕಿತು. ಗುಂಪಿಗೆ ಮಾತ್ರ ಇದರಿಂದ ಒಂದು ಕಷ್ಟ. ಟಿಕೆಟ್ಟು ಹೆಸರಿನ ಮೇಲಿರುತ್ತದೆ, ಕೊನೇ ಗಳಿಗೆಯಲ್ಲಿ ಒಬ್ಬ ಕೈಕೊಟ್ಟರೆ ಇನ್ನೊಬ್ಬನನ್ನು ಸೇರಿಸಿಕೊಳ್ಳಲು ಆಗುವುದಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚುತ್ತಾರೆ. ಮಳೆ ಬಿದ್ದಿದ್ದರೆ ಜಿಗಣೆ, ಕಾಲುಚೀಲದೊಳಕ್ಕೆ ಪ್ಯಾಂಟು ತೂರಿಸಿಕೊಂಡೇ ಹೊರಡಿ.

ಮಂಡಿ ನೋವಿನ ಗೆಳೆಯ ಗಿರಿಗದ್ದೆಯಲ್ಲೇ ನಿಂತ. "ನೀವ್ ಹೋಗ್ ಬನ್ರೋ, ನಾನ್ ಇಲ್ಲೇ ಇರ್ತೀನಿ" ಅಂದ. ತುದಿ ತಲುಪಿದವರು ಮೋಡದ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವಾಗ ಅವನು ಅಲ್ಲಿರಲಿಲ್ಲ. ಬೆಟ್ಟಕ್ಕೆ ಪೂರ್ತಿ ಅಂಕ, ಆದರೆ ಬರೀ ಗಟ್ಟಿ ಕಾಲಿನವರ ಗುಂಪಾದರೆ ಮಾತ್ರ.

ಇನ್ನು ಆನೆಗೊಂದಿ. ಹಂಪಿ ಎಲ್ಲರಿಗೂ ಗೊತ್ತು, ಅದರ ಎದುರು ದಂಡೆಗೆ ಹೋಗುವವರು ಕಮ್ಮಿ. ಹಂಪಿ ಎಕ್ಸ್‌ಪ್ರೆಸ್ ರಾತ್ರಿ ಹತ್ತರ ಸುಮಾರಿಗೆ ಬೆಂಗಳೂರು ಬಿಟ್ಟರೆ ಬೆಳಗ್ಗೆ ಏಳರ ಆಸುಪಾಸಿಗೆ ಹೊಸಪೇಟೆ. ಸ್ಲೀಪರ್ ಬೋಗಿಯ ಟಿಕೆಟ್ಟಿಗೆ ಎಸಿ ಸ್ಲೀಪರ್ ಬಸ್ಸಿನ ಅರ್ಧವೂ ಆಗುವುದಿಲ್ಲ, ಕೈಕಾಲು ಚಾಚಿ ಮಲಗಬಹುದು. ಇಳಿದ ತಕ್ಷಣ ಒಗ್ಗರಣೆ-ಮಿರ್ಚಿ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿ, ಜೊತೆಗೆ ಬಜ್ಜಿ. ನಮ್ಮ ಕಡೆಯವರು ಮಂಡಕ್ಕಿಯನ್ನು ಸಂಜೆಯ ತಿಂಡಿ ಅಂದುಕೊಂಡಿರುತ್ತೇವೆ. ಅಲ್ಲಿ ಬೆಳಗ್ಗೆಯೇ ಬಿಸಿ ಮೆಣಸಿನಕಾಯಿ ಬಜ್ಜಿ ಮುರಿದು ಒದ್ದೆ ಮಂಡಕ್ಕಿಯ ಜೊತೆ ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ.

ಹಂಪಿಯಲ್ಲಿ ಬಾಡಿಗೆ ಸೈಕಲ್ ತೆಗೆದುಕೊಂಡೆವು. ವಿಜಯ ವಿಠ್ಠಲ ದೇವಸ್ಥಾನಕ್ಕೆ ಪಡೆದ ಟಿಕೆಟ್ಟೇ ಆ ದಿನ ಕಮಲ ಮಹಲಿಗೂ ನಡೆಯುತ್ತದೆ, ಬಿಸಾಡಬೇಡಿ. ತಳವಾರಘಟ್ಟದಲ್ಲಿ ದೋಣಿಗೆ ಸೈಕಲ್ಲನ್ನೂ ಹಾಕಿಕೊಂಡು ತುಂಗಭದ್ರೆ ದಾಟಿದರೆ ಆನೆಗೊಂದಿ. ಗದ್ದೆ, ಬಾಳೆತೋಟ, ಅದರ ನಡುವೆ ಎದ್ದ ಬಂಡೆಗುಡ್ಡಗಳು. ಹಳೆಯ ಟ್ರಿಪ್ ಬರಹಗಳಲ್ಲಿ ವಿರುಪಾಪುರಗಡ್ಡೆಯಲ್ಲಿ ಉಳಿಯಿರಿ ಅಂತ ಇರುತ್ತದೆ, ಅದನ್ನು ನಂಬಿ ಹೋಗಬೇಡಿ. ಅಲ್ಲಿನ ರೆಸಾರ್ಟ್‌ಗಳನ್ನು ಸುಪ್ರೀಂ ಕೋರ್ಟ್ ತೀರ್ಪಿನ ನಂತರ 2020ರಲ್ಲೇ ತೆರವು ಮಾಡಿದ್ದಾರೆ. ಈಗ ಆನೆಗೊಂದಿ, ಅದರ ಹತ್ತಿರದ ಸಾಣಾಪುರದ ಹೋಂಸ್ಟೇಗಳೇ ಗತಿ, ಅವು ಚೆನ್ನಾಗಿಯೂ ಇವೆ. ನಮಗೆ ಸಿಕ್ಕ ಮನೆಯಲ್ಲಿ ರಾತ್ರಿಗೆ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ.

ಸಾಹಸ ಎಲ್ಲಿ ಅಂತೀರಾ? ಬಂಡೆ ಹತ್ತುವುದರಲ್ಲಿ. ಹಗ್ಗವಿಲ್ಲದೆ, ಕೆಳಗೆ ದಪ್ಪ ಮ್ಯಾಟ್ ಹಾಸಿಕೊಂಡು ಕಮ್ಮಿ ಎತ್ತರದ ಬಂಡೆ ಏರುವ ಬೋಲ್ಡರಿಂಗ್‌ಗೆ ಹೊರದೇಶದವರೂ ಈ ಕಡೆ ಹುಡುಕಿಕೊಂಡು ಬರುತ್ತಾರೆ. ಮ್ಯಾಟೂ ಹಿಡಿತದ ಶೂಗಳೂ ದಿನದ ಬಾಡಿಗೆಗೆ ಸಿಗುತ್ತವೆ, ಕಲಿಸಲು ಊರಿನ ಹುಡುಗರೇ ಬರುತ್ತಾರೆ. ನಾನು ಬಂಡೆಯ ಅಂಚನ್ನು ಬಿಗಿಯಾಗಿ ತಬ್ಬಿ ಮೇಲೆಳೆದುಕೊಳ್ಳಲು ನೋಡುತ್ತಿದ್ದೆ. ಕೆಳಗಿದ್ದ ಹುಡುಗ, "ಕೈಲೆ ಜಗ್ಗಬ್ಯಾಡ್ರಿ ಅಣ್ಣ, ಕಾಲಿನ ಮ್ಯಾಲೆ ನಿಲ್ರಿ" ಅಂದ. ಕಡಲೆಕಾಳಿನಷ್ಟು ಉಬ್ಬಿದ ಕಲ್ಲಿನ ಮೇಲೆ ಶೂ ತುದಿ ಇಟ್ಟು ಭಾರ ಹಾಕಿದೆ. ನಿಂತಿತು! ಗ್ರಾನೈಟ್ ಅಷ್ಟು ತರಿತರಿಯಾಗಿದೆ. ಸಂಜೆಯ ಹೊತ್ತಿಗೆ ಬೆರಳ ತುದಿಯ ಚರ್ಮ ಸವೆದು ಕೆಂಪಾಗಿ, ರೊಟ್ಟಿ ಮುರಿದರೂ ಉರಿಯುತ್ತಿತ್ತು.

ನನಗೆ ಈ ಜಾಗ ಹಿಡಿಸಲು ಮುಖ್ಯ ಕಾರಣ ಬೇರೆ. ಬಂಡೆ ಹತ್ತುವವರು ಹತ್ತಿದರು, ಮಂಡಿ ನೋವಿನವನು ಸೈಕಲ್ ತುಳಿದುಕೊಂಡು ಪಂಪಾ ಸರೋವರ ನೋಡಿ ಬಂದ, ಓಡುವವನು ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಇಳಿದ. ನೀರಿನ ಭಯದವನು ಕೂಡ ಸಾಣಾಪುರ ಕೆರೆಯಲ್ಲಿ ಲೈಫ್ ಜಾಕೆಟ್ ಹಾಕಿಕೊಂಡು ಹರಿಗೋಲಿನಲ್ಲಿ ಕೂತ. ಹರಿಗೋಲಿನವರು ಗಿರಗಿರ ತಿರುಗಿಸಿದಾಗ ಕಿರುಚಿ, ಇಳಿದ ಮೇಲೆ "ಇನ್ನೊಂದ್ ರೌಂಡ್ ಹೋಗೋಣ್ವಾ?" ಅಂತ ಅವನೇ ಕೇಳಿದ. ಮಧ್ಯಾಹ್ನ ಎಲ್ಲರೂ ಒಂದೇ ಕಡೆ ಊಟಕ್ಕೆ ಸೇರಿದೆವು. ಹಣವೂ ಹಾಗೆಯೇ: ಯಾರು ಏನು ಮಾಡಿದರೋ ಅವರು ಅದಕ್ಕಷ್ಟೇ ಕೊಟ್ಟರು, ಮುಂಗಡ ಹೋಗಿದ್ದು ಹೋಂಸ್ಟೇಗೆ ಮಾತ್ರ. ಹೊಸ ಕೆಲಸದವನಿಗೆ ಎರಡೂವರೆ ಸಾವಿರ, ಎಲ್ಲವನ್ನೂ ಮಾಡಿದ ನನಗೆ ಮೂರು ಸಾವಿರ ಚಿಲ್ಲರೆ. ಯಾರಿಗೂ ಯಾರ ಮುಂದೆಯೂ ಕೈ ಬಿಗಿ ಹಿಡಿದುಕೊಳ್ಳುವ ಪ್ರಮೇಯ ಬರಲಿಲ್ಲ.

ಕೊರತೆಗಳೂ ಇವೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಬಿಟ್ಟರೆ ಬಂಡೆ ಮುಟ್ಟಲು ಆಗದಷ್ಟು ಕಾಯುತ್ತದೆ, ಆ ತಿಂಗಳುಗಳಲ್ಲೂ ಹನ್ನೊಂದರಿಂದ ನಾಲ್ಕರವರೆಗೆ ನೆರಳು ಹುಡುಕಿಕೊಳ್ಳಿ. ಬಾಡಿಗೆ ಸೈಕಲ್ಲಿನ ಬ್ರೇಕನ್ನು ಅಂಗಡಿ ಮುಂದೆಯೇ ಹಿಡಿದು ನೋಡಿ. ನದಿಗೆ ಬಂಡೆಯಿಂದ ಹಾರುವ ಆಸೆಯನ್ನು ಪೂರ್ತಿ ಬಿಟ್ಟುಬಿಡಿ. 2025ರ ಫೆಬ್ರುವರಿಯಲ್ಲಿ ಸಾಣಾಪುರದ ಹತ್ತಿರ ಹಾಗೆ ಹಾರಿದ ಯುವ ವೈದ್ಯೆಯೊಬ್ಬರು ತುಂಗಭದ್ರೆಯಲ್ಲಿ ಕೊಚ್ಚಿಹೋಗಿ ತೀರಿಕೊಂಡರು. ಮೇಲಿನಿಂದ ಶಾಂತವಾಗಿ ಕಾಣುವ ನೀರಿನ ಅಡಿಯಲ್ಲಿ ಬಂಡೆ ಬಿರುಕುಗಳ ನಡುವೆ ಸೆಳೆತವಿದೆ, ಈಜು ಬಲ್ಲವರಿಗೂ ಅದು ಬಗ್ಗುವುದಿಲ್ಲ. ಮರು ತಿಂಗಳೇ ಅಲ್ಲಿನ ಕಾಲುವೆ ದಂಡೆಯಲ್ಲಿ ರಾತ್ರಿ ಪ್ರವಾಸಿಗರ ಮೇಲೆ ಘೋರ ದಾಳಿ ನಡೆಯಿತು. ಕತ್ತಲಾದ ಮೇಲೆ ನಿರ್ಜನ ಜಾಗಕ್ಕೆ ಹೋಗಬೇಡಿ, ಹೋಂಸ್ಟೇ ಅಂಗಳದಲ್ಲೇ ಹರಟೆ ಹೊಡೆಯಿರಿ.

ಎಲ್ಲರೂ ಗಟ್ಟಿಗರಾಗಿದ್ದು ಕೈಯಲ್ಲಿ ಎರಡೇ ಸಾವಿರ ಇದ್ದರೆ ಕುಮಾರಪರ್ವತ. ಅಲೆಯ ಮೇಲೆ ಕುಣಿಯಲೇಬೇಕು, ಖರ್ಚಿನ ಚಿಂತೆ ಇಲ್ಲ ಅಂದರೆ ಗಣೇಶಗುಡಿ. ನಮ್ಮಂಥ ಮಿಶ್ರ ಗುಂಪಿಗೆ ಆನೆಗೊಂದಿಯೇ. ಆದರೆ ಭಾನುವಾರ ರಾತ್ರಿ ಹೊಸಪೇಟೆಯಿಂದ ವಾಪಸ್ ಬರುವ ರೈಲಿನ ಸ್ಲೀಪರ್ ಸೀಟು ಬೇಗ ತುಂಬಿಹೋಗುತ್ತದೆ. ಈಗ 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ಹೋಗುವ ಟಿಕೆಟ್ಟಿಗಿಂತ ಮೊದಲು ಬರುವ ಟಿಕೆಟ್ ಮಾಡಿಸಿ, ಆಮೇಲೆ ಹೋಂಸ್ಟೇಗೆ ಫೋನ್ ಮಾಡಿ.