ಸೌಂಡ್ ಬರ್ತಿಲ್ಲ ಅಂತ ಲಿಬ್‌ಅಸೌಂಡ್2 ತೆಗೀಬ್ಯಾಡ್ರಿ, ಡೆಸ್ಕ್‌ಟಾಪೇ ಹೋಗತೈತಿ

ಉಬುಂಟು ಅನ್ನೋ ಲಿನಕ್ಸ್ ಬಳಸೋರು ಇದನ್ನ ಪೂರ್ತಿ ಓದ್ರಿ. ಲಿಬ್‌ಅಸೌಂಡ್2 ಅಂದ್ರ ಅದರ ಸೌಂಡ್ ಲೈಬ್ರರಿ, ಆಪ್ಟ್ ಅಂದ್ರ ಸಾಫ್ಟ್‌ವೇರ್ ಹಾಕೋ ತೆಗ್ಯೋ ಕಮಾಂಡ್, ಪರ್ಜ್ ಅಂದ್ರ ಪೂರಾ ತೆಗ್ಯೋದು. ಸುಡೋ ಆಪ್ಟ್ ಪರ್ಜ್ ಲಿಬ್‌ಅಸೌಂಡ್2 ಅನ್ನೋ ಕಮಾಂಡ್ ಯಾರು ಹೇಳಿದ್ರೂ, ಎಷ್ಟ ಲೈಕ್ ಇರೋ ವಿಡಿಯೋದಾಗ ಬಂದ್ರೂ ಹೊಡೀಬ್ಯಾಡ್ರಿ, ಅದರ ಹಿಂದ ಹೈಫನ್ ವೈ ಇದ್ರಂತೂ ಬ್ಯಾಡೇ ಬ್ಯಾಡ.

ನಾನಿರೋದು ಕೊಪ್ಪಳದಾಗ. ಸುತ್ತಮುತ್ತ ಹಳ್ಳ್ಯಾಗ ಹಿರೇರು ಹಾಡೋ ಮೊಹರಂ ರಿವಾಯತ್ ಪದ ರೆಕಾರ್ಡ್ ಮಾಡ್ಕೊಂಡ್ ಬಂದು ಆಡಾಸಿಟಿಯಾಗ ಎಡಿಟ್ ಮಾಡ್ತೀನಿ, ಉಬುಂಟು 22.04 ಐತಿ. ಹೆಡ್‌ಫೋನ್‌ನ್ಯಾಗ ದನಿ ಬರವಲ್ದು ಅಂತ ಒಂದು ರಿಪೇರಿ ಅಂಗಡ್ಯಾಗ ಕೊಟ್ಟಿದ್ದೆ, ಸಂಜಿಗೆ ಹೋಗಿ ನೋಡಿದ್ರ ಕರಿ ಸ್ಕ್ರೀನು, ಲಾಗಿನ್ ಅಂತ ಬಿಳಿ ಅಕ್ಷರ, ಅಷ್ಟ. "ಅಣ್ಣಾರ, ಸೌಂಡ್ ಲೈಬ್ರರಿ ಕೆಟ್ಟಿರಬೇಕು ಅಂತ ತೆಗದೆ, ಆಮ್ಯಾಲ ಹಿಂಗಾತು, ಫಾರ್ಮ್ಯಾಟ್ ಹೊಡದು ವಿಂಡೋಸ್ ಹಾಕಿ ಕೊಡ್ಲೇನ್ರಿ?" ಅಂತ ಕೇಳ್ದ. ಎದಿ ಧಸಕ್ ಅಂತು. ಆ ಪದ ಹಾಡಿದ ಅಜ್ಜಾರೊಬ್ಬರು ಈಗಿಲ್ಲ, ಅವರ ದನಿ ಇರೋದು ಅದ್ರಾಗ ಮಾತ್ರ. ಬ್ಯಾಡ ಅಂತ ಮನಿಗೆ ತಂದೆ. ಲಾಗಿನ್ ಆಗಿ ಫೈಲ್ ಪಟ್ಟಿ ತೋರ್ಸೋ ಎಲ್ಎಸ್ ಕಮಾಂಡ್ ಹೊಡದ್ರ ಕನ್ನಡದಾಗ ಹೆಸರಿಟ್ಟಿದ್ದ ಫೋಲ್ಡರ್ ಎಲ್ಲಾ ಬರೇ ಡಬ್ಬಿ ಡಬ್ಬಿ ಕಾಣಸ್ತಾವು! ಇದಕ್ಕ ಹೆದರಬ್ಯಾಡ್ರಿ, ಆ ಕರಿ ಸ್ಕ್ರೀನಿಗೆ ಕನ್ನಡ ಅಕ್ಷರ ತೋರ್ಸಾಕ ಬರಂಗಿಲ್ಲ ಅಷ್ಟ, ಫೈಲು ಎಲ್ಲಾ ಇದ್ದಲ್ಲೇ ಇದ್ವು. ಪರ್ಜ್ ಮಾಡಿದ್ರೂ ಆಪ್ಟ್ ನಿಮ್ಮ ಹೋಮ್ ಫೋಲ್ಡರ್ ಮುಟ್ಟಂಗಿಲ್ಲ.

ಲಿಬ್‌ಅಸೌಂಡ್2 ಅಂದ್ರ ಆಲ್ಸಾದ, ಅಂದ್ರ ಲಿನಕ್ಸ್‌ನ ಸೌಂಡ್ ವ್ಯವಸ್ಥೆದ, ಲೈಬ್ರರಿ. ವಿಎಲ್‌ಸಿ, ಆಡಾಸಿಟಿ ಅಷ್ಟ ಅಲ್ಲ, ಡೆಸ್ಕ್‌ಟಾಪ್ ಹಿಂದ ಕೆಲಸ ಮಾಡೋ ಗ್ನೋಮ್ ಸೆಟ್ಟಿಂಗ್ಸ್ ಡೀಮನ್‌ಗೂ ಅದು ಬೇಕು, ಆ ಡೀಮನ್ ಇಲ್ಲಂದ್ರ ಡೆಸ್ಕ್‌ಟಾಪ್ ತೋರ್ಸೋ ಗ್ನೋಮ್ ಶೆಲ್ ಇಲ್ಲ, ಲಾಗಿನ್ ತೋರ್ಸೋ ಜಿಡಿಎಂ3 ಇಲ್ಲ. ಕೆಳಗಿಂದೊಂದು ತೆಗದ್ರ ಅದನ್ನ ನಂಬಿದ್ದನ್ನೆಲ್ಲಾ ಆಪ್ಟ್ ತೆಗೀತೈತಿ. ಹಂಗಂತ ಹೇಳದ ತೆಗ್ಯಂಗಿಲ್ಲ, ಏನೇನು ಹೋಗ್ತಾವಂತ ಉದ್ದ ಪಟ್ಟಿ ಕೊಟ್ಟು ಹೂಂ ಅನ್ಲೇನು ಅಂತ ಕೇಳತೈತಿ, ಹೈಫನ್ ವೈ ಹಾಕಿದ್ರ ಆ ಪ್ರಶ್ನೆಗೆ ಮೊದಲ ಹೂಂ ಅಂದಂಗಾತು.

ಇಂಥಾದ್ದು ಆಗಿದ್ರ ಫಾರ್ಮ್ಯಾಟ್ ಮಾಡಾಕ ಬಿಡಬ್ಯಾಡ್ರಿ. ಕಂಟ್ರೋಲ್ ಆಲ್ಟ್ ಎಫ್3 ಒತ್ತಿ ಲಾಗಿನ್ ಆಗ್ರಿ, ಎನ್ಎಂಟಿಯುಐ ಅಂತ ಹೊಡದ್ರ ವೈಫೈ ಆರಿಸೋ ಮೆನು ಬರತೈತಿ. ವಾರ್ ಒಳಗ ಲಾಗ್, ಅದರೊಳಗ ಆಪ್ಟ್ ಫೋಲ್ಡರ್, ಅಲ್ಲಿ ಹಿಸ್ಟರಿ ಡಾಟ್ ಲಾಗ್ ಫೈಲ್‌ನ್ಯಾಗ ಯಾವಾಗ ಏನೇನು ಹೋಗೇತಿ ಅಂತ ಪೂರಾ ಬರದಿರತೈತಿ, ನನಗ ಜೀವ ಬಂದಿದ್ದ ಅದನ್ನ ನೋಡಿ. ಸುಡೋ ಆಪ್ಟ್ ಇನ್‌ಸ್ಟಾಲ್ ಉಬುಂಟು-ಡೆಸ್ಕ್‌ಟಾಪ್ ಹಾಕಿ, ಪಟ್ಟಿ ನೋಡ್ಕೊಂಡು ಉಳದದ್ದು ಹಾಕಿ, ರೀಸ್ಟಾರ್ಟ್ ಮಾಡಿದೆ, ಎಲ್ಲಾ ವಾಪಸ್ ಬಂತು.

ಮೊದಲಿನ ತೊಂದ್ರಿ ಏನಿತ್ತು ಗೊತ್ತೇನ್ರಿ, ಔಟ್‌ಪುಟ್ ಹೆಡ್‌ಫೋನ್ ಬಿಟ್ಟು ಎಚ್‌ಡಿಎಂಐಗೆ (ಟಿವಿ, ಮಾನಿಟರ್ ವೈರಿಗೆ) ಹೋಗಿ ಕುಂತಿತ್ತು! ಸೆಟ್ಟಿಂಗ್ಸ್‌ನ್ಯಾಗ ಒಂದು ಕ್ಲಿಕ್ಕಿನ ಕೆಲಸ. ಅದಕ್ಕ ಮೊದಲು ಔಟ್‌ಪುಟ್ ನೋಡ್ರಿ, ಆಮ್ಯಾಲ ಟರ್ಮಿನಲ್‌ನ್ಯಾಗ ಆಲ್ಸಾಮಿಕ್ಸರ್ ಅಂತ ಹೊಡದು ವಾಲ್ಯೂಮ್ ಪರದೆ ಓಪನ್ ಮಾಡ್ರಿ, ಎಂಎಂ ಅಂತ ಇದ್ರ ಮ್ಯೂಟ್ ಆಗೇತಂತ, ಎಂ ಒತ್ತಿದ್ರ ಬಿಚ್ಕೊಳ್ತೈತಿ. ಲೈಬ್ರರಿ ಮ್ಯಾಲೇ ಅನುಮಾನ ಇದ್ರ ತೆಗ್ಯೋದು ಬ್ಯಾಡ, ಆಪ್ಟ್ ಇನ್‌ಸ್ಟಾಲ್ ಜೋಡಿ ಎರಡು ಹೈಫನ್ ರೀಇನ್‌ಸ್ಟಾಲ್ ಹಾಕ್ರಿ, ಇದ್ದಲ್ಲೇ ಹೊಸಾದು ಕುಂದರ್ತೈತಿ. ತೆಗೀಲೇಬೇಕು ಅನ್ನೋರು ಮೊದಲು ಆಪ್ಟ್ ಹೈಫನ್ ಎಸ್ ರಿಮೂವ್ ಅಂತ ಹೊಡೀರಿ, ಏನೂ ಮುಟ್ಟಂಗಿಲ್ಲ, ಪಟ್ಟಿ ಮಾತ್ರ ತೋರಸ್ತೈತಿ.

24.04 ಇದ್ದೋರಿಗೆ ಇನ್ನೊಂದು. ಅದ್ರಾಗ ಪ್ಯಾಕೇಜ್ ಹೆಸರು ಲಿಬ್‌ಅಸೌಂಡ್2ಟಿ64 ಆಗೇತಿ. ಇನ್‌ಸ್ಟಾಲ್ ಮಾಡುವಾಗ ಹಳೇ ಹೆಸರು ಕೊಟ್ರ ಲಿಬ್‌ಓಎಸ್ಎಸ್4-ಸಾಲ್ಸಾ-ಅಸೌಂಡ್2 ಅನ್ನೋ ಬ್ಯಾರೆ ಪ್ಯಾಕೇಜ್ ಬಂದು ಕುಂದರಬಹುದು, ಅದು ಬಂದ್ರ ಕೆಲವು ಪ್ರೋಗ್ರಾಂ ಓಪನ್ನೇ ಆಗಂಗಿಲ್ಲ. ಸ್ಕ್ರೀನ್ ಮ್ಯಾಲೆ ಸಾಲ್ಸಾ ಅಂತ ಕಂಡ್ರ ಎನ್ ಒತ್ತಿ ಹೊರಗ ಬರ್ರಿ.