ಬಿಟ್‌ವಾರ್ಡನ್: ಗದಗಿನ ಒಂದು ಮುದ್ರಣಾಲಯದಲ್ಲಿ ನಾಲ್ಕು ವರ್ಷಗಳ ಬಳಕೆ

ಗದಗಿನಲ್ಲಿ ನಮ್ಮದೊಂದು ಸಣ್ಣ ಆಫ್‌ಸೆಟ್ ಮುದ್ರಣಾಲಯವಿದೆ. ಲಗ್ನಪತ್ರಿಕೆ, ಬಿಲ್ ಬುಕ್ಕು, ಕರಪತ್ರಗಳ ಕೆಲಸ ವರ್ಷವಿಡೀ ಇರುತ್ತದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕ್ಯಾಲೆಂಡರುಗಳ ಹಂಗಾಮು. ಕಂಪ್ಯೂಟರ್ ಮುಟ್ಟುವವರು ನಾನೂ ಸೇರಿ ಐದು ಜನ. 2021ರ ಕೊನೆಯಿಂದ ಪ್ರೆಸ್ಸಿನ ಪಾಸ್‌ವರ್ಡುಗಳನ್ನೆಲ್ಲ ಬಿಟ್‌ವಾರ್ಡನ್ ಎಂಬ ತಂತ್ರಾಂಶದಲ್ಲಿ ಇಟ್ಟುಕೊಂಡು ಬಂದಿದ್ದೇವೆ. ಒಂದೆರಡು ವಾರ ಬಳಸಿ ಬರೆಯುವುದಕ್ಕಿಂತ ನಾಲ್ಕು ಕ್ಯಾಲೆಂಡರ್ ಹಂಗಾಮುಗಳನ್ನು ದಾಟಿದ ಮೇಲೆ ಬರೆಯುವುದು ಮೇಲೆಂದು ಇಷ್ಟು ದಿನ ತಡೆದೆ.

ಅದಕ್ಕೂ ಮೊದಲು ನಮ್ಮ ಪಾಸ್‌ವರ್ಡುಗಳು ಇದ್ದದ್ದು ಒಂದು ವೇಸ್ಟ್ ಶೀಟಿನ ಬಿಳಿ ಮಗ್ಗುಲಲ್ಲಿ. ಆ ಹಾಳೆಯನ್ನು ಡಿಟಿಪಿ ಕೋಣೆಯ ಮಾನಿಟರಿನ ಪಕ್ಕದ ಗೋಡೆಗೆ ಅಂಟಿಸಿದ್ದೆವು. ಒಂದು ದಿನ ಲಗ್ನಪತ್ರಿಕೆಯ ಪ್ರೂಫ್ ನೋಡಲು ಬಂದ ಗ್ರಾಹಕರೊಬ್ಬರು ಪರದೆಯ ಫೋಟೊ ತೆಗೆದು ಮನೆಯವರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದರು. ವರನ ಹೆಸರಿನಲ್ಲಿ ಒತ್ತಕ್ಷರ ತಪ್ಪಿದೆ ಎಂದು ತೋರಿಸಲು ಅದೇ ಫೋಟೊವನ್ನು ಸಂಜೆ ನನಗೂ ಕಳುಹಿಸಿದರು. ಒತ್ತಕ್ಷರ ತಪ್ಪಿದ್ದು ನಿಜ. ಆದರೆ ಫೋಟೊದ ಬಲ ಅಂಚಿನಲ್ಲಿ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಮಾಡುವ ಸರ್ಕಾರಿ ತಾಣದ ಖಾತೆಯ ಹೆಸರೂ ಪಾಸ್‌ವರ್ಡೂ ಪತ್ರಿಕೆಯ ಅಕ್ಷರಗಳಿಗಿಂತ ಸ್ಪಷ್ಟವಾಗಿ ಕಾಣುತ್ತಿದ್ದವು.

ಆ ಪಾಸ್‌ವರ್ಡೇನೂ ಘನವಾದದ್ದಲ್ಲ. ಪ್ರೆಸ್ಸಿನ ಹೆಸರು, ಅದರ ಮುಂದೆ 123. ಮೇಲ್, ಕಾಗದದ ವ್ಯಾಪಾರಿಯ ಖಾತೆ, ಚಿತ್ರಗಳನ್ನು ಕೊಳ್ಳುವ ತಾಣ, ಎಲ್ಲಕ್ಕೂ ಅದೇ ಇತ್ತು. ಒಂದು ತಾಣದಿಂದ ಸೋರಿದ ಹೆಸರು ಮತ್ತು ಪಾಸ್‌ವರ್ಡುಗಳ ಜೋಡಿಯನ್ನು ಕಳ್ಳರು ಯಂತ್ರದ ಮೂಲಕ ಬೇರೆ ನೂರಾರು ತಾಣಗಳಲ್ಲಿ ಹಾಕಿ ನೋಡುತ್ತಾರೆ ಎಂಬುದನ್ನು ತಿಳಿದ ಮೇಲೆ, ಗೋಡೆಯ ಹಾಳೆಯನ್ನು ಕಿತ್ತ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ ಎಂದು ಅರಿವಾಯಿತು.

ಬಿಟ್‌ವಾರ್ಡನ್ನನ್ನು ಆರಿಸಿದ್ದಕ್ಕೆ ಎರಡು ಕಾರಣಗಳಿದ್ದವು. ಅದರ ಮೂಲ ಕೋಡ್ ಎಲ್ಲರ ಪರಿಶೀಲನೆಗೆ ತೆರೆದಿದೆ. ಮತ್ತು ಒಬ್ಬನೇ ಬಳಸುವುದಾದರೆ ಎಷ್ಟು ಪಾಸ್‌ವರ್ಡುಗಳನ್ನಾದರೂ ಎಷ್ಟು ಸಾಧನಗಳಲ್ಲಾದರೂ ಉಚಿತವಾಗಿ ಇಡಬಹುದು. ಹಂಚಿಕೊಳ್ಳುವ ವಿಷಯ ಬಂದಾಗ ಉಚಿತ ಯೋಜನೆಯಲ್ಲಿ ಇಬ್ಬರಿಗೆ ಮಾತ್ರ ಅವಕಾಶ. ಮೊದಲ ವರ್ಷ ನಾನು ಮತ್ತು ಡಿಸೈನರ್ ಇಬ್ಬರೇ ಬಳಸಿದೆವು; ಅನಂತರ ತಲೆಗಿಷ್ಟೆಂದು ಡಾಲರಿನಲ್ಲಿ ಹಣ ಕಟ್ಟುವ ಟೀಮ್ಸ್ ಯೋಜನೆಗೆ ಹೋದೆವು. ಐದು ಜನರ ಖರ್ಚು ನಮ್ಮಂಥ ಅಂಗಡಿಗೆ ಹಗುರವೇನಲ್ಲ, ಆದರೆ ಮುದ್ರಣದ ಪ್ಲೇಟುಗಳ ಖರ್ಚಿನ ಪಕ್ಕದಲ್ಲಿಟ್ಟು ನೋಡಿದರೆ ಕಣ್ಣಿಗೆ ಹೊಡೆಯುವಷ್ಟೂ ಅಲ್ಲ.

ಪಾಸ್‌ವರ್ಡ್ ನೆನಪಿಡುವ ತಲೆನೋವು ತಪ್ಪುತ್ತದೆ ಎಂಬುದೇ ಇದರ ಮುಖ್ಯ ಲಾಭವೆಂದು ನಾನು ಎಣಿಸಿದ್ದೆ. ಅದು ಚಿಕ್ಕ ಲಾಭ. ಯಾವ ಬೀಗದ ಕೈ ಯಾರ ಬಳಿ ಇದೆ ಎಂಬುದಕ್ಕೆ ಮೊದಲ ಬಾರಿಗೆ ಒಂದು ಲೆಕ್ಕ ಸಿಕ್ಕಿತು, ಅದು ದೊಡ್ಡದು. 2019ರಲ್ಲಿ ನಮ್ಮಲ್ಲಿ ಕೆಲಸ ಬಿಟ್ಟುಹೋದ ಹುಡುಗನೊಬ್ಬ ಎರಡು ವರ್ಷದ ಮೇಲೆ ತಾನಾಗಿಯೇ ಫೋನ್ ಮಾಡಿ, "ಅಣ್ಣಾರ, ಪ್ರೆಸ್ಸಿನ ಫೇಸ್‌ಬುಕ್ ಪೇಜ್ ಇನ್ನೂ ನನ್ನ ಮೊಬೈಲ್‌ನ್ಯಾಗ ಓಪನ್ ಐತ್ರಿ" ಎಂದಿದ್ದ. ಒಳ್ಳೆಯ ಹುಡುಗ, ಹೇಳಿದ. ಅವನಿಗೆ ಇನ್ನೇನೇನು ಗೊತ್ತಿತ್ತು ಎಂಬುದನ್ನು ಹೇಳಲು ನನ್ನಲ್ಲಿ ದಾಖಲೆಯೇ ಇರಲಿಲ್ಲ. 2024ರಲ್ಲಿ ಡಿಸೈನರ್ ಸ್ವಂತ ಅಂಗಡಿ ತೆರೆಯಲೆಂದು ಹೊರಟಾಗ, ಅವರಿಗೆ ಕೊಟ್ಟಿದ್ದ ಕಲೆಕ್ಷನ್ (ಹಂಚಿಕೊಂಡ ಖಾತೆಗಳ ಗುಂಪು) ತೆರೆದು ನೋಡಿದೆ: ಹದಿನಾಲ್ಕು ಖಾತೆಗಳು. ಅವರನ್ನು ಪಟ್ಟಿಯಿಂದ ತೆಗೆದು, ಹದಿನಾಲ್ಕನ್ನೂ ಒಂದೊಂದಾಗಿ ಬದಲಿಸಲು ಒಂದು ಮಧ್ಯಾಹ್ನ ಸಾಕಾಯಿತು. ಪಟ್ಟಿಯಿಂದ ತೆಗೆದರಷ್ಟೇ ಸಾಲದು. ಒಮ್ಮೆ ಕಂಡ ಪಾಸ್‌ವರ್ಡನ್ನು ಯಾರು ಬೇಕಾದರೂ ಬರೆದಿಟ್ಟುಕೊಳ್ಳಬಹುದು. ಪಾಸ್‌ವರ್ಡ್ ಕಾಣದಂತೆ ಹಂಚುವ ಆಯ್ಕೆಯೂ ಇದೆಯಾದರೂ, ಹಟ ಹಿಡಿದವರಿಂದ ಅದನ್ನು ಪೂರ್ತಿ ಮರೆಮಾಡಲಾಗದು.

ಇನ್ನೊಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಬ್ರೌಸರಿನಲ್ಲಿ ಬಿಟ್‌ವಾರ್ಡನ್ನಿನ ಚಿಹ್ನೆಯ ಮೇಲೆ ಒಂದು ಪುಟ್ಟ ಅಂಕಿ ಮೂಡುತ್ತದೆ. ಈಗ ತೆರೆದಿರುವ ವಿಳಾಸಕ್ಕೆ ಹೊಂದುವ ಖಾತೆಗಳು ಎಷ್ಟಿವೆ ಎಂಬುದರ ಸೂಚನೆ ಅದು. ಕಳೆದ ಬಾರಿಯ ಕ್ಯಾಲೆಂಡರ್ ಹಂಗಾಮಿನಲ್ಲಿ, ಮೇಲ್ ಪೆಟ್ಟಿಗೆ ತುಂಬಿದೆ, ಕೂಡಲೇ ಲಾಗಿನ್ ಆಗದಿದ್ದರೆ ಖಾತೆ ನಿಲ್ಲುತ್ತದೆ ಎಂಬ ಪತ್ರವೊಂದು ಬಂತು. ಪುಟದ ಬಣ್ಣ, ಲೋಗೊ, ಗುಂಡಿ ಎಲ್ಲವೂ ನಾವು ದಿನಾಲು ನೋಡುವಂಥವೇ. ಹೊಸದಾಗಿ ಸೇರಿದ ಹುಡುಗಿ ಟೈಪ್ ಮಾಡಲು ಕೈಯಿಟ್ಟವಳು ನಿಂತು, "ಅಣ್ಣಾರ, ಇದರಾಗ ನಂಬರ್ ಬರವಲ್ದು ನೋಡ್ರಿ" ಎಂದಳು. ವಿಳಾಸವನ್ನು ಓದಿದರೆ ನಡುವೆ ಒಂದು ಅಕ್ಷರ ಹೆಚ್ಚಿತ್ತು. ಮುದ್ರಣದವರಾಗಿ ದಿನವಿಡೀ ಕರಡು ತಿದ್ದುವ ನಮ್ಮ ಕಣ್ಣಿಗೇ ಬೀಳದ ಅಕ್ಷರ ಅದು. ತಂತ್ರಾಂಶಕ್ಕೆ ಲೋಗೊ ನೋಡಿ ಮರುಳಾಗುವ ಕಣ್ಣಿಲ್ಲ, ಅದು ವಿಳಾಸವನ್ನಷ್ಟೇ ಹೋಲಿಸುತ್ತದೆ. ಅಂಕಿ ಕಾಣದಿದ್ದರೂ ಪಾಸ್‌ವರ್ಡನ್ನು ನಕಲು ಮಾಡಿ ಅಂಟಿಸುವ ಅಭ್ಯಾಸವಿದ್ದರೆ ಈ ರಕ್ಷಣೆ ವ್ಯರ್ಥ. ಆದ್ದರಿಂದ ಅಂಕಿ ಬಾರದ ಪುಟದಲ್ಲಿ ಕೈ ಆಡಿಸಬಾರದು ಎಂಬ ಒಂದೇ ನಿಯಮವನ್ನು ಪ್ರೆಸ್ಸಿನಲ್ಲಿ ಇಟ್ಟಿದ್ದೇನೆ.

ಎಲ್ಲ ಪಾಸ್‌ವರ್ಡುಗಳನ್ನು ಒಂದೇ ಕಡೆ ಇಡುವುದು ಅಪಾಯವಲ್ಲವೇ ಎಂದು ನಮ್ಮ ಲೆಕ್ಕ ಬರೆಯುವವರು ಮೊದಲ ದಿನವೇ ಕೇಳಿದ್ದರು. ನ್ಯಾಯವಾದ ಪ್ರಶ್ನೆ. 2022ರಲ್ಲಿ ಲಾಸ್ಟ್‌ಪಾಸ್ ಎಂಬ ಇಂಥದೇ ಇನ್ನೊಂದು ಸೇವೆಯಿಂದ ಗ್ರಾಹಕರ ಪಾಸ್‌ವರ್ಡ್ ತಿಜೋರಿಗಳ ಪ್ರತಿಗಳೇ ಕಳುವಾದವು. ಒಳಗಿನ ಪಾಸ್‌ವರ್ಡುಗಳು ಗೂಢಲಿಪಿಯಲ್ಲಿದ್ದವು, ಆದರೆ ತಾಣಗಳ ವಿಳಾಸಗಳು ತೆರೆದೇ ಇದ್ದವು. ಅಂಥ ಕಳವು ಆದಾಗ ಉಳಿಯುವ ಗೋಡೆ ತಿಜೋರಿಯನ್ನು ತೆರೆಯುವ ಮಾಸ್ಟರ್ ಪಾಸ್‌ವರ್ಡ್ ಒಂದೇ. ಅದನ್ನು ಬೀಗದ ಕೈಯಾಗಿ ಮಾರ್ಪಡಿಸುವ ಮೊದಲು ಗಣಿತದ ಲೆಕ್ಕದಲ್ಲಿ ಲಕ್ಷಾಂತರ ಸಲ ಅರೆಯಲಾಗುತ್ತದೆ. ಹೀಗಾಗಿ ಊಹೆಯ ಪ್ರತಿಯೊಂದು ಯತ್ನಕ್ಕೂ ಕಳ್ಳ ಅಷ್ಟೇ ಶ್ರಮ ಪಡಬೇಕು. 2023ರಲ್ಲಿ ಬಿಟ್‌ವಾರ್ಡನ್ ಹೊಸ ಖಾತೆಗಳಿಗೆ ಈ ಸಂಖ್ಯೆಯನ್ನು 6,00,000ಕ್ಕೆ ಏರಿಸಿತು. ನಮ್ಮವು ಹಳೆಯ ಖಾತೆಗಳಾದ್ದರಿಂದ ಸೆಟ್ಟಿಂಗಿಗೆ ಹೋಗಿ ನಾನೇ ಬದಲಿಸಿದೆ. ಮಾಸ್ಟರ್ ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ನಮ್ಮ ಕಡೆಯ ಮಾತುಗಳಿಂದ ಜೋಡಿಸಿಕೊಂಡೆವು. ಪಾಸ್‌ವರ್ಡಿನ ಜೊತೆಗೆ ಇನ್ನೊಂದು ಗುರುತನ್ನೂ ಕೇಳುವ ಎರಡನೆಯ ಹಂತದ ದೃಢೀಕರಣವನ್ನೂ ಎಲ್ಲರಿಗೂ ಹಚ್ಚಿದೆವು.

ಮಾಸ್ಟರ್ ಪಾಸ್‌ವರ್ಡ್ ಮರೆತರೆ ಕಂಪನಿಯವರೂ ತೆರೆದುಕೊಡಲಾರರು, ಏಕೆಂದರೆ ಅದು ಅವರ ಬಳಿ ಇರುವುದೇ ಇಲ್ಲ. ಸದಸ್ಯರ ಖಾತೆಯನ್ನು ಸಂಸ್ಥೆಯ ಕಡೆಯಿಂದ ಮರಳಿ ಪಡೆಯುವ ಸೌಲಭ್ಯ ಇರುವುದು ದುಬಾರಿಯಾದ ಎಂಟರ್‌ಪ್ರೈಸ್ ಯೋಜನೆಯಲ್ಲಿ. ನಮ್ಮ ಸಹೋದ್ಯೋಗಿಯೊಬ್ಬರು ಹೆರಿಗೆ ರಜೆ ಮುಗಿಸಿ ಬಂದಾಗ ಪದಗಳ ಸಾಲು ಪೂರ್ತಿ ಮರೆತುಹೋಗಿತ್ತು. ಪ್ರೆಸ್ಸಿನದೆಲ್ಲ ಹಂಚಿಕೆಯ ಕಲೆಕ್ಷನ್ನಿನಲ್ಲಿ ಇದ್ದುದರಿಂದ ಹೊಸ ಖಾತೆ ತೆರೆದುಕೊಟ್ಟೆವು. ಅವರ ಸ್ವಂತದ ಕೆಲವು ಮಾತ್ರ ಹೋದವು. ಅಂದಿನಿಂದ ಪ್ರತಿಯೊಬ್ಬರ ಮಾಸ್ಟರ್ ಪಾಸ್‌ವರ್ಡನ್ನೂ ಎರಡನೆಯ ಹಂತ ಕೈಕೊಟ್ಟಾಗ ಬೇಕಾಗುವ ರಿಕವರಿ ಕೋಡನ್ನೂ ಅವರವರೇ ಬರೆದು, ಲಕೋಟೆಗೆ ಹಾಕಿ, ಅಂಟಿನ ಮೇಲೆ ಸಹಿ ಮಾಡಿ ಕಬ್ಬಿಣದ ಕಪಾಟಿನಲ್ಲಿ ಇಡುತ್ತಾರೆ. ಗೋಡೆಯ ಮೇಲಿನ ಕಾಗದಕ್ಕೂ ಕಪಾಟಿನೊಳಗಿನ ಕಾಗದಕ್ಕೂ ಅಂತರವಿದೆ.

ಕೆಲವು ಕಡೆ ಇದರ ಆಟ ನಡೆಯುವುದಿಲ್ಲ. ನಮ್ಮ ಬ್ಯಾಂಕಿನ ಪುಟ ಪಾಸ್‌ವರ್ಡನ್ನು ಅಂಟಿಸಲು ಬಿಡುವುದಿಲ್ಲ, ಪರದೆಯ ಮೇಲಿನ ಕೀಲಿಮಣೆಯನ್ನೇ ಒತ್ತಬೇಕು. ಮೇಲಾಗಿ ಆಗಾಗ ಪಾಸ್‌ವರ್ಡ್ ಬದಲಿಸಲೇಬೇಕೆಂಬ ಕಟ್ಟಳೆ ಬೇರೆ. ಕಾರಣವಿಲ್ಲದೆ ಹೀಗೆ ಬದಲಿಸಲು ಒತ್ತಾಯಿಸಬಾರದೆಂದು ಅಮೆರಿಕದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಹೇಳಿದೆ. ಇ-ವೇ ಬಿಲ್ಲಿನಲ್ಲಿ 2025ರ ಏಪ್ರಿಲ್ 1ರಿಂದ ಎಲ್ಲ ತೆರಿಗೆದಾರರಿಗೂ ಎರಡನೆಯ ಹಂತ ಕಡ್ಡಾಯವಾಗಿರುವುದರಿಂದ ಪಾಸ್‌ವರ್ಡ್ ಒಂದೇ ಸಾಲದು, ಒಟಿಪಿಯೂ ಬೇಕು. ಲಾರಿ ಬಾಗಿಲಲ್ಲಿ ನಿಂತಿರುವಾಗ ನಾನು ಊರಲ್ಲಿ ಇಲ್ಲದಿದ್ದರೆ ಒಟಿಪಿಗಾಗಿ ಎಲ್ಲರೂ ಕಾಯಬೇಕಾಗುತ್ತಿತ್ತು. ಆ ತಾಣದಲ್ಲಿ ಉಪಬಳಕೆದಾರರನ್ನು ಮಾಡಿ ಅವರವರ ಮೊಬೈಲ್ ಸಂಖ್ಯೆಯನ್ನೇ ಜೋಡಿಸಿದ ಮೇಲೆ ಅದು ಬಗೆಹರಿಯಿತು. ಒಂದೇ ಖಾತೆಯನ್ನು ಹಂಚಿಕೊಳ್ಳುವುದಕ್ಕಿಂತ ಇದು ಒಳ್ಳೆಯ ದಾರಿ. ಬೇರೆ ಖಾತೆ ಕೊಡಬಹುದಾದ ಕಡೆ ಬಿಟ್‌ವಾರ್ಡನ್ನಿನ ಹಂಚಿಕೆಯನ್ನು ನಾವು ಈಗ ಬಳಸುವುದೇ ಇಲ್ಲ.

ಫೈಲುಗಳ ರಕ್ಷಣೆ ಇದರ ಕೆಲಸವಲ್ಲ. ಡಿಸೈನುಗಳ ಪ್ರತಿಗಳನ್ನು ಎರಡು ಹಾರ್ಡ್ ಡಿಸ್ಕುಗಳಲ್ಲಿ ಸರದಿಯ ಮೇಲೆ ತೆಗೆಯುತ್ತೇವೆ, ಒಂದು ಸದಾ ಮನೆಯಲ್ಲಿರುತ್ತದೆ. ಪ್ಲೇಟ್ ಮಾಡುವ ಯಂತ್ರಕ್ಕೆ ಜೋಡಿಸಿದ ಹಳೆಯ ವಿಂಡೋಸ್ 7 ಕಂಪ್ಯೂಟರಿಗೆ 2020ರ ಜನವರಿಯಲ್ಲೇ ಮೈಕ್ರೋಸಾಫ್ಟಿನ ಬೆಂಬಲ ಮುಗಿದಿರುವುದರಿಂದ ಅದಕ್ಕೆ ಇಂಟರ್‌ನೆಟ್ಟನ್ನೇ ಕೊಟ್ಟಿಲ್ಲ.

ಇಬ್ಬರೇ ನಡೆಸುವ ಅಂಗಡಿಯಾದರೆ ಉಚಿತ ಯೋಜನೆಯೇ ಸಾಕೆಂದು ನನ್ನ ಅನಿಸಿಕೆ. ಮೂರನೆಯವರು ಬಂದಾಗ ಖರ್ಚಿನ ವಿಚಾರ ಮಾಡಿದರಾಯಿತು. ಈ ವರ್ಷದ ಹಂಗಾಮಿಗೂ ನಾನು ನವೀಕರಣ ಮಾಡಿಸಿದ್ದೇನೆ. ಲೆಕ್ಕ ಬರೆಯುವವರು ಮಾತ್ರ ಇನ್ನೂ ಒಂದು ಪುಟ್ಟ ಡೈರಿಯಲ್ಲಿ ಎಲ್ಲವನ್ನೂ ಬರೆದುಕೊಳ್ಳುತ್ತಾರೆ, ಆದರೆ ಸಂಜೆ ಮನೆಗೆ ಹೋಗುವಾಗ ಅದನ್ನು ಕಪಾಟಿನಲ್ಲಿಟ್ಟು ಬೀಗ ಎಳೆದು ನೋಡಿ ಹೋಗುತ್ತಾರೆ.